ಎಕ್ಸ್-ಕಿರಣ ಸೂಸುವ ಜೋಡಿ ನಕ್ಷತ್ರಗಳು ಮೈಸೂರಿನಿಂದ ಕಾಣುತ್ತವೆಯೇ?

ಪ್ರಶ್ನೆ: ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ಮನೆ. ತಾರಸಿಯ ಮೇಲೆ ಆರು ಇಂಚಿನ ದೂರದರ್ಶಕ ಇಟ್ಟುಕೊಂಡಿದ್ದೇನೆ. ಎಕ್ಸ್-ಕಿರಣ, ರೇಡಿಯೊ ತರಂಗ ಎರಡನ್ನೂ ಸೂಸುವ ದೈತ್ಯ ಜೋಡಿ ನಕ್ಷತ್ರಗಳನ್ನು ಅದರಲ್ಲಿ ನೋಡಬಹುದೇ?

ಉತ್ತರ: ನಕ್ಷತ್ರ ಕಾಣುತ್ತದೆ, ಎಕ್ಸ್-ಕಿರಣ ಕಾಣುವುದಿಲ್ಲ. ಅದು ನಿಮ್ಮ ದೂರದರ್ಶಕದ ತಪ್ಪಲ್ಲ. ಎಕ್ಸ್-ಕಿರಣವನ್ನು ವಾತಾವರಣ ಮೇಲೆಯೇ ಹೀರಿಬಿಡುವುದರಿಂದ ಉಪಗ್ರಹವೇ ಬೇಕು. 2015ರಲ್ಲಿ ಹಾರಿದ ಆಸ್ಟ್ರೋಸ್ಯಾಟ್, 2024ರ ಜನವರಿ 1ರಂದು ಹಾರಿದ ಎಕ್ಸ್‌ಪೋಸ್ಯಾಟ್ ಅಂಥವು. ಎರಡನೆಯದರ ಮುಖ್ಯ ಉಪಕರಣ ತಯಾರಾದದ್ದು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ. ರೇಡಿಯೊ ತರಂಗಕ್ಕೆ ಹಗಲು, ಮೋಡಗಳ ಹಂಗಿಲ್ಲ, ನೆಲದವರೆಗೂ ಬರುತ್ತದೆ. ಆದರೆ ಅದು ತೀರಾ ಕ್ಷೀಣ. ಟಿವಿಯ ಡಿಶ್‌ನಲ್ಲಿ ಹಿಡಿಯುವ ಮಾತಲ್ಲ. ಪುಣೆ ಬಳಿಯ ಜಿಎಂಆರ್‌ಟಿ ಎಂಬ ರೇಡಿಯೊ ದೂರದರ್ಶಕದಲ್ಲಿ 45 ಮೀಟರ್ ಅಗಲದ ಆಂಟೆನಾಗಳು 30 ಇವೆ ಎಂದರೆ ಅಂದಾಜು ಸಿಕ್ಕೀತು.

ನಿಮಗೆ ಉಳಿಯುವುದು ಕಣ್ಣಿಗೆ ಕಾಣುವ ಸಾಮಾನ್ಯ ಬೆಳಕು. ಅದೇನೂ ಕಡಿಮೆಯದಲ್ಲ. ರಾಜಹಂಸ ಪುಂಜದ ಸಿಗ್ನಸ್ ಎಕ್ಸ್-1 ಅನ್ನೇ ನೋಡಿ. 1964ರಲ್ಲಿ ರಾಕೆಟ್ ಮೂಲಕ ಅದರ ಎಕ್ಸ್-ಕಿರಣ ಪತ್ತೆಯಾಯಿತು, ಆದರೆ ಆಗಿನ ಉಪಕರಣಗಳಿಗೆ ಅದು ಯಾವ ನಕ್ಷತ್ರದಿಂದ ಬರುತ್ತಿದೆ ಎಂದು ಬೊಟ್ಟು ಮಾಡಲಾಗಲಿಲ್ಲ. 1971ರಲ್ಲಿ ಎಕ್ಸ್-ಕಿರಣದ ಸ್ವರೂಪ ಬದಲಾದ ಹೊತ್ತಿಗೇ ಅಲ್ಲೊಂದು ರೇಡಿಯೊ ಆಕರ ಮೂಡಿತು. ರೇಡಿಯೊ ದೂರದರ್ಶಕಗಳು ಅದರ ಜಾಗವನ್ನು ಕರಾರುವಾಕ್ಕಾಗಿ ಗುರುತಿಸಿದವು. ಆ ಜಾಗದಲ್ಲಿದ್ದ ನೀಲಿ ದೈತ್ಯ ನಕ್ಷತ್ರ 5.6 ದಿನಕ್ಕೊಮ್ಮೆ ಕಾಣದ ಜೊತೆಗಾರನನ್ನು ಸುತ್ತುತ್ತಿರುವುದನ್ನು ತೋರಿಸಿಕೊಟ್ಟದ್ದು ಮಾತ್ರ ಸಾಮಾನ್ಯ ಬೆಳಕು. ಆ ಜೊತೆಗಾರ ಸೂರ್ಯನ ಸುಮಾರು 21 ಪಟ್ಟು ತೂಕದ ಕಪ್ಪುಕುಳಿ. ದೈತ್ಯನಿಂದ ಹೊರಟ ಅನಿಲ ಅದರತ್ತ ಸುರುಳಿಯಾಗಿ ಇಳಿಯುತ್ತಾ ಲಕ್ಷಾಂತರ ಡಿಗ್ರಿ ಕಾದು ಎಕ್ಸ್-ಕಿರಣ ಸೂಸುತ್ತದೆ. ರೇಡಿಯೊ ಬರುವುದು ಅಲ್ಲಿಂದ ಚಿಮ್ಮುವ ಧಾರೆಗಳಿಂದ.

ಆ ನೀಲಿ ದೈತ್ಯನ ಕಾಂತಿಮಾನ (ಈ ಸಂಖ್ಯೆ ಹೆಚ್ಚಿದಷ್ಟೂ ನಕ್ಷತ್ರ ಮಂಕು) ಸುಮಾರು 9. ಹಂಸದ ಕತ್ತಿನಲ್ಲಿರುವ ಈಟಾ ನಕ್ಷತ್ರದಿಂದ ಅರ್ಧ ಡಿಗ್ರಿಯೊಳಗೇ ಇರುವ ಅದು ನಿಮ್ಮ ಆರು ಇಂಚಿಗೆ ಸುಲಭದ ತುತ್ತು. ಒಂದೇ ಕಿರಿಕಿರಿ ಎಂದರೆ, ಹಂಸ ಸಂಜೆಯ ಹೊತ್ತು ಎತ್ತರದಲ್ಲಿರುವ ಕಾಲಕ್ಕೇ ನಮ್ಮಲ್ಲಿ ದಸರಾ ದೀಪಾಲಂಕಾರ. ಮೇಲುಕೋಟೆಗೆ ಹೋಗಿಬಿಡಿ.

ಡಿಸೆಂಬರ್-ಜನವರಿಗೆ ಪಾರ್ಥ ಪುಂಜದ ಎಕ್ಸ್ ಪರ್ಸಿಯೈ ಇದೆ. ಇದು ಹೆಸರಾದದ್ದು ಎಕ್ಸ್-ಕಿರಣಕ್ಕೇ ಹೊರತು ರೇಡಿಯೊಗಲ್ಲ. ಬೈನಾಕ್ಯುಲರ್ ಸಾಕು. ಇಲ್ಲಿನ ಜೊತೆಗಾರ ನ್ಯೂಟ್ರಾನ್ ನಕ್ಷತ್ರ, ಅಂದರೆ ಸತ್ತ ದೊಡ್ಡ ನಕ್ಷತ್ರವೊಂದರ ಅತಿ ಸಾಂದ್ರವಾದ ಉಳಿಕೆ. ದೊಡ್ಡ ನಕ್ಷತ್ರದ ಸುತ್ತಲಿನ ಅನಿಲದ ತಟ್ಟೆ ಬೆಳೆದು ಕರಗುತ್ತಿರುತ್ತದೆ. 1990ರ ಸುಮಾರಿಗೆ ಪೂರ್ತಿ ಮಾಯವಾಗಿ ಮತ್ತೆ ಕಟ್ಟಿಕೊಂಡಿತು. ಅದಕ್ಕೆ ತಕ್ಕಂತೆ ಕಾಂತಿಮಾನವೂ 6ರಿಂದ 7ರ ನಡುವೆ ಏರಿಳಿಯುತ್ತದೆ. ಪಕ್ಕದ ನಕ್ಷತ್ರಗಳೊಂದಿಗೆ ಹೋಲಿಸಿ ತಿಂಗಳುಗಟ್ಟಲೆ ಬರೆದಿಟ್ಟರೆ ವಿಜ್ಞಾನಿಗಳಿಗೂ ಬೇಕಾಗುವ ದಾಖಲೆ ಅದು.

ನನ್ನನ್ನು ಕೇಳಿದರೆ ಎಲ್ಲಕ್ಕಿಂತ ಸೊಗಸು ಫೆಬ್ರವರಿ-ಮಾರ್ಚ್‌ನ ಗಾಮಾ ವೆಲೋರಮ್. ರಾತ್ರಿ ಒಂಬತ್ತರ ಸುಮಾರಿಗೆ ದಕ್ಷಿಣಕ್ಕೆ ಮುಖ ಮಾಡಿ ನಿಲ್ಲಿ. ಅಗಸ್ತ್ಯ ನಕ್ಷತ್ರದ ಎಡಕ್ಕೆ, ತುಸು ಮೇಲೆ, ಬರಿಗಣ್ಣಿಗೇ ಕಾಣುತ್ತದೆ. ದೂರದರ್ಶಕದಲ್ಲಿ ಪಕ್ಕದಲ್ಲೊಂದು ಮಂಕು ನಕ್ಷತ್ರ ಕಂಡೀತು. ನಾವು ಹೇಳುತ್ತಿರುವ ಜೋಡಿ ಅದಲ್ಲ. ಪ್ರಕಾಶಮಾನವಾದ ಚುಕ್ಕೆಯೊಳಗೇ ಎರಡು ದೈತ್ಯರು ಸುಮಾರು 78 ದಿನಕ್ಕೊಮ್ಮೆ ಒಂದನ್ನೊಂದು ಸುತ್ತುತ್ತಿವೆ, ಬಿಡಿಸಿ ನೋಡಲಾಗದಷ್ಟು ಹತ್ತಿರದಲ್ಲಿ. ಇಲ್ಲಿ ಕಪ್ಪುಕುಳಿ ಇಲ್ಲ. ಸೆಕೆಂಡಿಗೆ ಸಾವಿರ ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಎರಡರಿಂದಲೂ ಹೊಮ್ಮುವ ಅನಿಲ ನಡುವೆ ಡಿಕ್ಕಿ ಹೊಡೆದು ಎಕ್ಸ್-ಕಿರಣ ಹುಟ್ಟುತ್ತದೆ. ರೇಡಿಯೊ ತರಂಗ ಹೆಚ್ಚಾಗಿ ಆ ಬಿಸಿ ಅನಿಲದ್ದೇ.

ನೇತ್ರಕಕ್ಕೆ, ಬೆಳಕನ್ನು ಬಣ್ಣಗಳಾಗಿ ಬಿಡಿಸಿ ತೋರಿಸುವ ಗ್ರೇಟಿಂಗ್ ಒಂದನ್ನು ಸಿಕ್ಕಿಸಿ ಇದನ್ನು ನೋಡಿ. ಬಹುತೇಕ ನಕ್ಷತ್ರಗಳ ಬಣ್ಣದ ಪಟ್ಟಿಯಲ್ಲಿ ಕಪ್ಪು ಗೆರೆಗಳಿದ್ದರೆ, ಇದರಲ್ಲಿ ನೀಲಿಯಲ್ಲೂ ಹಳದಿಯಲ್ಲೂ ಹೊಳೆಯುವ ಗೆರೆಗಳು. ಹೆಚ್ಚಿನವು ಇಂಗಾಲದವು. ಜೋಡಿಯಲ್ಲೊಂದರಿಂದ ಹೊಮ್ಮುವ ಅನಿಲದ ಬೆಳಕೇ ಅದು.

ಇದಕ್ಕೆ ಮಾತ್ರ ಮೇಲುಕೋಟೆ ಬೇಡ. ಅಲ್ಲಿಂದ ನೇರ ದಕ್ಷಿಣಕ್ಕೆ ಮೈಸೂರಿನ ದೀಪಗಳ ಮಬ್ಬು ಕವಿದಿರುತ್ತದೆ, ನಕ್ಷತ್ರವೋ ದಿಗಂತದಿಂದ 30 ಡಿಗ್ರಿ ಮಾತ್ರ ಮೇಲೇರುತ್ತದೆ. ನಂಜನಗೂಡು ದಾಟಿ ಊರನ್ನು ಬೆನ್ನಿಗೆ ಹಾಕಿಕೊಂಡು ನಿಲ್ಲಿ.