ಸಪ್ಲೈಯರ್ ಉಸಿರಾಡುವ ಗಾಳಿ

ಬಾರಿನಲ್ಲಿ ಒಂದು ಗಂಟೆ ಕೂತು ಬಂದರೆ ಅಂಗಿಯೆಲ್ಲ ಸಿಗರೇಟ್ ವಾಸನೆ. ನಾವು ಅಂಗಿ ಒಗೆಯಲು ಹಾಕಿ ಮಲಗುತ್ತೇವೆ. ನಮಗೆ ಊಟ ತಂದುಕೊಟ್ಟ ಸಪ್ಲೈಯರ್ ಮಾತ್ರ ಬಾಗಿಲು ಹಾಕುವ ತನಕ ಅದೇ ಹೊಗೆಯಲ್ಲಿ ಓಡಾಡುತ್ತಿರುತ್ತಾರೆ.

ಆ ಹೊಗೆಯಲ್ಲಿ ಜಾಸ್ತಿ ಪಾಲು ಸೇದುವವರ ಬಾಯಿಂದ ಬಂದದ್ದಲ್ಲ. ಎರಡು ದಮ್ಮಿನ ನಡುವೆ ಬೆರಳ ಸಂದಿಯಲ್ಲಿ ಸುಮ್ನೆ ಉರಿಯುವ ತುದಿಯಿಂದ ಬಂದದ್ದು. ದಮ್ಮು ಎಳೆದಾಗ ಕೆಂಡ ಧಗಧಗ ಉರಿಯುತ್ತದೆ. ಬಿಟ್ಟಾಗ ಬಿಸಿ ಇಳಿದು, ತಂಬಾಕು ಅರೆಬರೆ ಸುಡುತ್ತದೆ. ಹಸಿ ಸೌದೆ ಹಾಕಿದ ಒಲೆ ಹೊಗೆಯಾಡುತ್ತದಲ್ವಾ, ಹಾಗೆ. ಅದಕ್ಕೇ ಈ ಹೊಗೆಯಲ್ಲಿ ಅಮೋನಿಯಾ, ಕಾರ್ಬನ್ ಮಾನಾಕ್ಸೈಡ್, ಕ್ಯಾನ್ಸರ್ ತರುವ ಹಲವು ರಾಸಾಯನಿಕಗಳು ಹೆಚ್ಚು. ನಡುವೆ ಫಿಲ್ಟರೂ ಇಲ್ಲ. ನಮ್ಮ ಕೂದಲಿನ ದಪ್ಪ ಸುಮಾರು 70 ಮೈಕ್ರಾನ್. ಹೊಗೆಯ ಬಹುಪಾಲು ಕಣಗಳು 1 ಮೈಕ್ರಾನ್‌ಗಿಂತಲೂ ಸಣ್ಣವು. ಮೂಗು, ಗಂಟಲು ದಾಟಿ ಶ್ವಾಸಕೋಶದ ತಳಕ್ಕೇ ಹೋಗುತ್ತವೆ.

ಎಸಿ ಇದೆಯಲ್ಲ ಎನ್ನುತ್ತಾರೆ. ಗೋಡೆಗೆ ಹಾಕುವ ಸ್ಪ್ಲಿಟ್ ಎಸಿ ಹೊರಗಿನ ಗಾಳಿ ತರುವುದಿಲ್ಲ. ಒಳಗಿನದನ್ನೇ ತಣ್ಣಗೆ ಮಾಡಿ ತಿರುಗಿಸುತ್ತದೆ. ಎಕ್ಸಾಸ್ಟ್ ಫ್ಯಾನ್ ಸ್ವಲ್ಪ ಎಳೆದು ಹೊರಹಾಕುತ್ತದೆ, ನಿಜ. ಅಷ್ಟರಲ್ಲಿ ಇನ್ನೊಂದು ಟೇಬಲ್ಲಿನವರು ಹಚ್ಚಿರುತ್ತಾರೆ.

ಐರ್ಲೆಂಡ್ ಈ ಗೋಜಿಗೇ ಹೋಗಲಿಲ್ಲ. 2004ರ ಮಾರ್ಚ್ 29ರಿಂದ ಪಬ್ಬುಗಳ ಒಳಗೆ ಸೇದುವುದನ್ನೇ ನಿಲ್ಲಿಸಿತು. ಇಡೀ ದೇಶಕ್ಕೆ ಇಂಥ ನಿಷೇಧ ತಂದದ್ದು ಅದೇ ಮೊದಲು. ಡಬ್ಲಿನ್ನಿನ 42 ಪಬ್ಬುಗಳಲ್ಲಿ ನಿಷೇಧಕ್ಕೆ ಮೊದಲು ಮತ್ತು ಒಂದು ವರ್ಷದ ನಂತರ ಗಾಳಿ ಅಳೆದರು. 2.5 ಮೈಕ್ರಾನ್ ಒಳಗಿನ ಕಣಗಳು ಶೇ 83ರಷ್ಟು ಇಳಿದಿದ್ದವು. ಬಾರ್ ಕೆಲಸಗಾರರನ್ನೂ ಪರೀಕ್ಷಿಸಿದರು. ಅವರ ಉಸಿರಿನಲ್ಲಿದ್ದ ಕಾರ್ಬನ್ ಮಾನಾಕ್ಸೈಡ್ ಶೇ 79ರಷ್ಟು ಕಡಿಮೆಯಾಗಿತ್ತು. ಸಿಗರೇಟ್ ಮುಟ್ಟದವರ ಶ್ವಾಸಕೋಶ ಮೊದಲಿಗಿಂತ ಚೆನ್ನಾಗಿ ಕೆಲಸ ಮಾಡುತ್ತಿತ್ತು. ಒಂದೇ ವರ್ಷದಲ್ಲಿ! ಈ ಫಲಿತಾಂಶ ಓದಿದಾಗ ನನಗೆ ನಿಜವಾಗಿಯೂ ಖುಷಿಯಾಯಿತು.

ನಮ್ಮಲ್ಲಿ 2008ರ ಅಕ್ಟೋಬರ್ 2ರಿಂದ ಸಾರ್ವಜನಿಕ ಜಾಗದಲ್ಲಿ ಸೇದುವಂತಿಲ್ಲ. ಆದರೆ 30 ಆಸನ ಅಥವಾ ಹೆಚ್ಚಿರುವ ರೆಸ್ಟೋರೆಂಟು ಪ್ರತ್ಯೇಕ ಕೋಣೆ ಇಡಬಹುದು. ನಾಲ್ಕೂ ಕಡೆ ಪೂರ್ತಿ ಗೋಡೆ, ತಾನೇ ಮುಚ್ಚಿಕೊಳ್ಳುವ ಬಾಗಿಲು, ನೇರ ಹೊರಗೆ ಗಾಳಿ ಬಿಡುವ ವ್ಯವಸ್ಥೆ ಬೇಕು. ಒಳಗೆ ತಿಂಡಿ, ಪಾನೀಯ ಕೊಡಬಾರದು ಎಂದು 2017ರಲ್ಲಿ ಸೇರಿಸಿದರು. ಸಪ್ಲೈಯರ್ ಒಳಗೆ ಹೋಗುವುದನ್ನೇ ತಪ್ಪಿಸುವ ಈ ಸಾಲು ನನಗೆ ಎಲ್ಲಕ್ಕಿಂತ ಮುಖ್ಯ. ಆದರೂ ಬೂದಿ ತುಂಬಿದ ಆಶ್‌ಟ್ರೇ ತೆಗೆಯಲು, ನೆಲ ಒರೆಸಲು ಯಾರಾದರೂ ಆ ಬಾಗಿಲು ತೆರೆಯಲೇಬೇಕು.