ನಮ್ಮ ಕಲಬುರಗಿ ಮಾರಿಯೋ ಜಪಾನಿನ ಮಾರಿಯೋಗಿಂತ ನಿಧಾನ ಓಡ್ತಿದ್ದ

ಹೋದ ರವಿವಾರ ಜಗತ್ ಸರ್ಕಲ್ ಹತ್ರ ಚಾ ಕುಡಿಲಿಕ್ಕೆ ಕೂತಿದ್ವಿ ನಾಲ್ಕು ಮಂದಿ, ನಮ್ಮ ಕಾಕಾನ ಮಗ ಮೊಬೈಲ್‌ದಾಗ ಹಳೇ ಸೂಪರ್ ಮಾರಿಯೋ ಹಾಕ್ಕೊಂಡು ಆಡ್ಲಿಕತ್ತಿದ್ದ, ಮೊದಲನೇ ಸ್ಟೇಜಿನ ಗುಂಡಿಗೇ ಎರಡು ಸಲ ಬಿದ್ದ. ಫೋನ್ ಟೇಬಲ್ ಮ್ಯಾಲ ಇಟ್ಟು ಅಂದ, "ಇದು ಬರಾಬರ್ ಇಲ್ಲ ಅಣ್ಣಾ, ಮಾರಿಯೋ ಭಾಳ ಜೋರ್ ಓಡ್ಲಿಕತ್ತಾನ, ನಾವು ಸಣ್ಣವರಿದ್ದಾಗ ಇಷ್ಟು ಜೋರ್ ಇರಲಿಲ್ಲ." ಬಾಜೂಕ ಕೂತಿದ್ದ ದೋಸ್ತ ಒಪ್ಪಲಿಲ್ಲ, ಗೇಮ್ ಅದೇ, ಬಟನ್ ಬಿಟ್ಟು ಟಚ್ ಸ್ಕ್ರೀನ್ ಬಂದದ್ದಕ್ಕ ಹಂಗ ಅನಸ್ತದ ಅಂದ. ಇನ್ನೊಬ್ಬಾಂವ ಇಪ್ಪತ್ತೈದು ವರ್ಷದ ಹಿಂದಿನ ನೆನಪು ಯಾರಿಗೆ ಖರೇ ಇರ್ತದ ಅಂದ. ಚಾ ಆರಿ ಹೋಯ್ತು, ಮಾತು ಮುಗಿಲಿಲ್ಲ.

ನಾನು ಮನಿಗೆ ಬಂದು ಕಾಗದ ಪೆನ್ನು ಹಿಡಕೊಂಡು ಲೆಕ್ಕ ಹಾಕಿದೆ. ತಮ್ಮ ಹೇಳಿದ್ದು ಖರೇ ಅದ. ನಾವು ಆಡಿದ ಮಾರಿಯೋ ನಿಧಾನ ಇದ್ದ, ಅದೂ ಸ್ವಲ್ಪ ಅಲ್ಲ, ಆರರಾಗ ಒಂದು ಪಾಲು ಕಡಿಮಿ ಸ್ಪೀಡ್‌ನಾಗ ಓಡ್ತಿದ್ದ. ಇದಕ್ಕ ಕಾರಣ ಗೇಮಿನಾಗ ಇಲ್ಲ, ನಮ್ಮ ಮನಿ ಕರೆಂಟಿನ ತನಕ ಹೋಗ್ತದ ಅದು.

ಮೊದಲು ಆ ಡಬ್ಬಿ ಬಗ್ಗೆ ಹೇಳಬೇಕು. ಆಗ ನಮಗ ನಿಂಟೆಂಡೋ ಅನ್ನೋ ಹೆಸರೇ ಗೊತ್ತಿರಲಿಲ್ಲ, ಎಲ್ಲಾರೂ ಅದಕ್ಕ ಟಿವಿ ಗೇಮ್ ಅಂತಿದ್ವಿ. ಮ್ಯಾಲಿಂದ ಕ್ಯಾಸೆಟ್ ಹಾಕಬೇಕು, ಎರಡು ರಿಮೋಟ್, ಒಂದು ಗನ್. ಬ್ಯಾಸಗಿ ಸೂಟಿ ಬಂತಂದ್ರ ಯಾರ ಮನಿಯಾಗ ಟಿವಿ ಗೇಮ್ ಅದ ಅವರ ಮನಿಯಾಗ ಓಣಿ ಹುಡುಗರೆಲ್ಲಾ, ಹೊರಗ 42 ಡಿಗ್ರಿ ಬಿಸಲು, ಒಳಗ ಕೂಲರ್ ಸಪ್ಪಳ, ಅಡಾಪ್ಟರ್ ಕೈ ಸುಡೋ ಅಷ್ಟು ಬಿಸಿ ಆದ್ರ ಅರ್ಧ ತಾಸು ಬಂದ್ ಮಾಡಿ ಇಡ್ತಿದ್ವಿ. ಅವು ತೈವಾನ್, ಚೀನಾದಾಗ ಮಾಡಿದ ನಕಲುಗಳು. ಅಸಲಿ ಮಷಿನ್ ಅಂದ್ರ ನಿಂಟೆಂಡೋ ಕಂಪನಿ 1983ರ ಜುಲೈದಾಗ ಜಪಾನಿನಾಗ ಬಿಟ್ಟ ಫ್ಯಾಮಿಕಾಂ. ಅದರ ಮ್ಯಾಲ 1985ರ ಸೆಪ್ಟೆಂಬರ್ 13ಕ್ಕ ಸೂಪರ್ ಮಾರಿಯೋ ಬ್ರದರ್ಸ್ ಬಂತು. ಶಿಗೆರು ಮಿಯಾಮೊಟೊ ಮತ್ತ ತಕಾಶಿ ತೆಜುಕಾ ಡಿಸೈನ್ ಮಾಡಿದ್ರು, ಕೋಜಿ ಕೊಂಡೊ ಮ್ಯೂಸಿಕ್ ಕೊಟ್ಟ.

ಈಗ ಕರೆಂಟಿನ ಮಾತು. ರಾಯಚೂರು ಹತ್ರ ಶಕ್ತಿನಗರದ ಥರ್ಮಲ್ ಪ್ಲಾಂಟ್ ನಮ್ಮ ಕಡಿ ಎಲ್ಲಾರಿಗೂ ಗೊತ್ತು. ಅಲ್ಲಿನ ಟರ್ಬೈನ್ ನಿಮಿಷಕ್ಕ 3000 ಸುತ್ತು ತಿರುಗ್ತಾವ, ಅಂದ್ರ ಸೆಕೆಂಡಿಗೆ 50. ಹಂಗಾಗಿ ನಮ್ಮ ಮನಿಗೆ ಬರೋ ಕರೆಂಟ್ ಸೆಕೆಂಡಿಗೆ 50 ಸಲ ಹಿಂದ ಮುಂದ ಆಗ್ತದ, ಇದೇ 50 ಹರ್ಟ್ಜ್. ಅಮೆರಿಕಾದಾಗ ಇದು 60. ಜಪಾನ್ ವಿಚಿತ್ರ ದೇಶ, ಟೋಕಿಯೋ ಕಡಿ 50, ಒಸಾಕಾ ಕ್ಯೋಟೋ ಕಡಿ 60, ಯಾಕಂದ್ರ ಹತ್ತೊಂಬತ್ತನೇ ಶತಮಾನದ ಕೊನೀಗೆ ಒಂದು ಕಡಿಯವರು ಜರ್ಮನಿಯಿಂದ ಜನರೇಟರ್ ತರಿಸಿದ್ರು, ಇನ್ನೊಂದು ಕಡಿಯವರು ಅಮೆರಿಕಾದಿಂದ. ನಿಂಟೆಂಡೋ ಇರೋದು ಕ್ಯೋಟೋದಾಗ. ಟಿವಿ ಶುರು ಆದ ಕಾಲದಾಗ ಚಿತ್ರ ನಡುಗಬಾರದು ಅಂತ ಕರೆಂಟಿನ ಲಯಕ್ಕೇ ಟಿವಿ ಲಯ ಕೂಡಿಸಿದ್ರು. ಅಮೆರಿಕಾದ ಪದ್ಧತಿ ಸೆಕೆಂಡಿಗೆ ಸುಮಾರು 60 ಸಲ ಪರದೆ ಬರೀತದ, ಜಪಾನ್ ಪೂರಾ ಅದನ್ನೇ ತಗೊಂಡಿತು. ಯುರೋಪಿನ ಪಾಲ್ ಪದ್ಧತಿ 50 ಸಲ ಬರೀತದ, 1982ರಾಗ ಕಲರ್ ಟಿವಿ ಬಂದಾಗ ನಮ್ಮ ದೂರದರ್ಶನ ತಗೊಂಡಿದ್ದು ಅದನ್ನ. (ನಮ್ಮ ಗುಲಬರ್ಗಾದಾಗ 1977ರಲ್ಲೇ ಟಿವಿ ಕೇಂದ್ರ ಇತ್ತು, ಬೆಂಗಳೂರಿಗೆ ಬಂದದ್ದು ಆಮ್ಯಾಲ. ಇದು ನಮ್ಮ ಊರಿನ ಭಾಳ ಹುಡುಗರಿಗೆ ಗೊತ್ತಿಲ್ಲ, ಅದಕ್ಕ ಹೇಳಿದೆ.)

ಅಲ್ಲಿ ಟಿವಿ ಸೆಕೆಂಡಿಗೆ 60 ಚಿತ್ರ, ಇಲ್ಲಿ 50. ಸಿನಿಮಾ ಆಗಿದ್ರ ಇದರಿಂದ ಹೆಚ್ಚೇನೂ ಆಗ್ತಿರಲಿಲ್ಲ. ಆದ್ರ ಮಾರಿಯೋ ಗೇಮಿಗೆ ಗಡಿಯಾರ ಅಂತ ಬ್ಯಾರೆ ಇಲ್ಲ, ಟಿವಿ ಒಂದು ಚಿತ್ರ ಬರೆದು ಮುಗಿಸಿದ್ದೇ ಅದಕ್ಕ ಒಂದು ಟಿಕ್. ಒಂದು ಟಿಕ್ ಬಂತು, ಮಾರಿಯೋನ ಒಂದು ಹೆಜ್ಜಿ ಸರಿಸು, ಆಮಿ ಒಂದು ಹೆಜ್ಜಿ ಸರಿಸು, ಮ್ಯೂಸಿಕ್ ಒಂದು ಮಾತ್ರಿ ಮುಂದ ನಡೆಸು, ಮುಂದಿನ ಟಿಕ್‌ಗೆ ಕಾಯಿ. ಅಷ್ಟೇ ಅದರ ಬಾಳೇವು. ಪಾಲ್ ಟಿವಿಗಂತ ಮಾಡಿದ ನಮ್ಮ ಡಬ್ಬಿಗಳು ಸೆಕೆಂಡಿಗೆ 50 ಟಿಕ್ ಕೊಡ್ತಿದ್ವು, ಒಳಗಿನ ಗೇಮ್ ಮಾತ್ರ 60ಕ್ಕಂತ ಬರೆದದ್ದು. ಹಂಗಾಗಿ ಜಪಾನಿನ ಹುಡುಗ ಒಂದು ಸೆಕೆಂಡಿನಾಗ ನೋಡಿದ್ದನ್ನ ನಾವು 1.2 ಸೆಕೆಂಡಿನಾಗ ನೋಡಿದ್ವಿ.

ಜಿಗಿತ ತಗೊಂಡ್ರ ಇದು ಪೂರಾ ತಿಳೀತದ, ಮತ್ತ ಆ ಜಿಗಿತ ನಾನು ನೋಡಿದ್ದರಾಗ ಭಾಳ ಚಂದದ ಲೆಕ್ಕ. ನಿಂತಲ್ಲಿಂದ ಎ ಬಟನ್ ಒತ್ತಿದ್ರ ಮಾರಿಯೋ ಮೊದಲನೇ ಟಿಕ್‌ನಾಗ 4 ಪಿಕ್ಸೆಲ್ (ಪರದೆ ಮ್ಯಾಲಿನ ಸಣ್ಣ ಚುಕ್ಕಿ) ವೇಗದಲ್ಲಿ ಮ್ಯಾಲ ಹೋಗ್ತಾನ. ಬಟನ್ ಬಿಡದೇ ಹಿಡಿದ್ರ ಆ ವೇಗ ಒಂದೊಂದು ಟಿಕ್‌ಗೂ ಒಂದು ಪಿಕ್ಸೆಲಿನ ಎಂಟನೇ ಒಂದು ಪಾಲು ಕಡಿಮಿ ಆಗ್ತದ. 32 ಟಿಕ್ ಆದ್ಮ್ಯಾಲ ವೇಗ ಸೊನ್ನೆ. ಪಿಯುಸಿಯಾಗ ಕಲಿತ ಸೂತ್ರ ಹಾಕ್ರಿ, ವೇಗದ ವರ್ಗ ಭಾಗಿಸು ಎರಡು ಪಟ್ಟು ಗುರುತ್ವ (ಇಲ್ಲಿ ಗುರುತ್ವ ಅಂದ್ರ ಆ ಎಂಟನೇ ಒಂದು ಪಾಲು), ಬರೋದು 64 ಪಿಕ್ಸೆಲ್. ಒಂದು ಇಟ್ಟಂಗಿ 16 ಪಿಕ್ಸೆಲ್, ಅಂದ್ರ ಬರಾಬರ್ ನಾಲ್ಕು ಇಟ್ಟಂಗಿ. ಜೋರ್ ಓಡಿ ಬಂದು ಜಿಗಿದ್ರ ಶುರುವಿನ ವೇಗ 5, ಗುರುತ್ವನೂ ಚೂರು ಹೆಚ್ಚು, ಲೆಕ್ಕ ಹಾಕಿದ್ರ 80 ಪಿಕ್ಸೆಲ್, ಐದು ಇಟ್ಟಂಗಿ. ಒಂದು ಕಚ್ಚಾ ಸಂಖ್ಯೆನೂ ಉಳಿಯಂಗಿಲ್ಲ.

ಇನ್ನೊಂದು ಮಾತು. ನಾವು ಚೆಂಡು ಮ್ಯಾಲ ಒಗೆದ್ರ ಏರ್ಲಿಕ್ಕೆ ಎಷ್ಟು ಹೊತ್ತೋ ಇಳೀಲಿಕ್ಕೂ ಅಷ್ಟೇ. ಮಾರಿಯೋಗ ಹಂಗಿಲ್ಲ. ಮ್ಯಾಲಿನ ತುದಿ ಮುಟ್ಟಿದ ಕ್ಷಣ, ಇಲ್ಲಾ ನೀವು ನಡುವೇ ಬಟನ್ ಬಿಟ್ಟ ಕ್ಷಣ, ಅವನ ಗುರುತ್ವ ಮೂರೂವರೆ ಪಟ್ಟು ಆಗ್ತದ. ಏರೋದು ಹಗೂರಕ, ಇಳಿಯೋದು ದಬಕ್ಕನ. ಬಟನ್ ಎಷ್ಟು ಹೊತ್ತು ಒತ್ತಿದ್ರಿ ಅಷ್ಟು ಎತ್ತರ ಅನ್ನೋದು ಇದೇ ಹಿಕ್ಮತ್ತಿನಿಂದ ಬಂದದ್ದು, ಗುರುತ್ವದ ಚಾವಿನೇ ನಮ್ಮ ಹೆಬ್ಬೆಟ್ಟಿನ ಕೈಯಾಗ ಕೊಟ್ಟಾರ. ಮಾರಿಯೋನ ಆಡಿದ್ರ ಅವನ ಮೈ ನಮ್ಮ ಮೈ ಅನಸ್ತದಲ್ಲ, ಅದರ ಗುಟ್ಟು ಇಲ್ಲೇ ಅದ ಅಂತ ನನಗ ಗಟ್ಟಿ ಅನಸ್ತದ. ಇಷ್ಟೆಲ್ಲಾ ಮಾಡಿದ್ದು ಗುಣಾಕಾರ ಸೈತ ಬರದ ಪ್ರೊಸೆಸರ್ ಮ್ಯಾಲ, ಅದಕ್ಕ ಗೊತ್ತಿದ್ದದ್ದು ಕೂಡಿಸೋದು ಕಳೆಯೋದು, 255ರ ತನಕ ಎಣಿಸೋದು. ಎಂಟನೇ ಒಂದು ಪಾಲು ಹ್ಯಾಂಗ ಬರೀಬೇಕು ಹಂಗಿದ್ರ? ರೂಪಾಯಿ ಪೈಸಾ ಲೆಕ್ಕ ಮಾಡಿದ್ರು. 256 ಪೈಸಾಕ್ಕ ಒಂದು ಪಿಕ್ಸೆಲ್ ಅಂತ ಇಟ್ಟುಕೊಂಡು ಟಿಕ್‌ಗೆ 32 ಪೈಸಾದಂಗ ಮುರೀತಾ ಹೋದ್ರು.

ಈಗ ನೋಡ್ರಿ, ಎತ್ತರ ಎಲ್ಲಾ ಕಡಿನೂ 64 ಪಿಕ್ಸೆಲೇ, ಟಿಕ್ ಎಲ್ಲಾ ಕಡಿನೂ 32. ಆದ್ರ 32 ಟಿಕ್ ಅಂದ್ರ ಕ್ಯೋಟೋದಾಗ 0.53 ಸೆಕೆಂಡ್, ಕಲಬುರಗಿಯಾಗ 0.64. ಓಟನೂ ಹಂಗ, ಬಿ ಬಟನ್ ಹಿಡಿದು ಜೋರ್ ಓಡಿದ್ರ ಟಿಕ್‌ಗೆ ಸುಮಾರು ಎರಡೂವರೆ ಪಿಕ್ಸೆಲ್, ಅಲ್ಲಿ ಸೆಕೆಂಡಿಗೆ 150, ಇಲ್ಲಿ 125. ಗುಂಡಿ ಕಂಡ ಮ್ಯಾಲ ಕಾಲು ಸೆಕೆಂಡಿಗೆ ಬೆರಳು ಒತ್ತೋದು ನಮ್ಮ ಕೈಗೆ ರೂಢಿ ಆಗಿದ್ರ ಅಷ್ಟೊತ್ತಿನಾಗ ನಮ್ಮ ಮಾರಿಯೋ 31 ಪಿಕ್ಸೆಲ್ ಹೋಗ್ತಿದ್ದ, ಮೊಬೈಲಿನಾಂವ ಜಪಾನಿನಾಂವನಂಗ 60 ಟಿಕ್‌ನಾಗ ಓಡ್ತಾನ, ಅದಕ್ಕ 37 ಹೋಗ್ತಾನ. ಗುಂಡಿ ಅಂಚಿನಾಗ 6 ಪಿಕ್ಸೆಲ್ ಅಂದ್ರ ಒಂದು ಜೀವ. ತಮ್ಮನ ಬೆರಳಿಗೆ ನೆನಪು ಬರಾಬರ್ ಇತ್ತು.

ಹಂಗಾದ್ರ ಆವಾಗ ಯಾಕ ಯಾರಿಗೂ ನಿಧಾನ ಅನಸ್ಲಿಲ್ಲ ಅಂತ ಕೇಳಬಹುದು. ಇದಕ್ಕ ಉತ್ತರ ಕೊಂಡೊನ ಮ್ಯೂಸಿಕ್‌ನಾಗ ಅದ. ಅಂವ ಮೊದಲು ಮಾಡಿದ್ದ ಟ್ಯೂನ್ ಮಾರಿಯೋನ ಓಟ ಜಿಗಿತಕ್ಕ ಕೂಡಲಿಲ್ಲ ಅಂತ ಬಿಟ್ಟು, ಆ ನಡಿಗಿಗೇ ಹೊಂದೋ ಹಂಗ ಮತ್ತೊಮ್ಮಿ ಬರೆದ. ಆ ಟ್ಯೂನ್ ಸೈತ ಟಿಕ್ ಎಣಿಸಿಕೊಂಡೇ ನಡೀತದ. ನಮ್ಮ ಡಬ್ಬಿಯ ಪ್ರೊಸೆಸರ್ ಸ್ಪೀಡ್ ಮಾತ್ರ ಹೆಚ್ಚು ಕಡಿಮಿ ಅಸಲಿಯಷ್ಟೇ ಇತ್ತು, ಸ್ವರ ಹುಟ್ಟೋದು ಅದರಿಂದ. ಹಂಗಾಗಿ ಸುರ್ ಕೆಡಲಿಲ್ಲ, ತಾಳ ಅಷ್ಟೇ ವಿಳಂಬ ಆಯ್ತು. ಓಟ ನಿಧಾನ, ಹಾಡೂ ಅಷ್ಟೇ ನಿಧಾನ, ಆಮಿನೂ ನಿಧಾನ, ಮ್ಯಾಲಿನ ಟೈಮ್ ಸೈತ ನಿಧಾನ. ಎಲ್ಲಾನೂ ಕೂಡೇ ನಿಧಾನ ಆದ್ರ ಹೋಲಿಸಿ ನೋಡ್ಲಿಕ್ಕೆ ಏನು ಉಳೀತದ? ಹಂಗ ನೋಡಿದ್ರ ಐನ್‌ಸ್ಟೈನ್ ಪಾಠದಾಗ ರೈಲಿನ ಒಳಗ ಕೂತವರಿಗೆ ತಮ್ಮ ಗಡಿಯಾರ ನಿಧಾನ ಅಂತ ತಿಳಿಯಂಗಿಲ್ಲ ಅಂತಾರಲ್ಲ, ಕಾರಣ ಬ್ಯಾರೆ ಆದ್ರೂ ನಮ್ಮ ಓಣಿ ಸ್ಥಿತಿ ಅದೇ ಇತ್ತು.

ಟೈಮ್ ಅಂದ ಕೂಡಲೇ ನನಗ ಹೊಳೀತು, ಇದನ್ನ ಅಳೀಬಹುದು. ಮೊದಲನೇ ಸ್ಟೇಜಿಗೆ 400 ಟೈಮ್ ಕೊಡ್ತಾರ, ಅವು ಸೆಕೆಂಡ್ ಅಲ್ಲ, 24 ಟಿಕ್‌ಗೆ ಒಂದು ಕಡಿಮಿ ಆಗ್ತದ. 60ರ ಲೆಕ್ಕದಾಗ 400 ಮುಗೀಲಿಕ್ಕೆ 160 ಸೆಕೆಂಡ್, 50ರ ಲೆಕ್ಕದಾಗ 192. ದೋಸ್ತ ತನ್ನ ಅವ್ವನ ಮನಿ ಅಟ್ಟದ ಮ್ಯಾಲಿಂದ ಹಳೇ ಡಬ್ಬಿ ಹುಡುಕಿ ತಂದ. ಕ್ಯಾಸೆಟ್ ಮೊದಲು ಹತ್ತಲಿಲ್ಲ, ಊದಲಿಕ್ಕೆ ಹೋದಾಂವನ ಕೈ ಹಿಡಿದೆ. ಊದಿದ್ರ ಬಾಯಿ ಪಸಿ ಹೋಗಿ ತಾಮ್ರದ ಪಟ್ಟಿಗೆ ಕಿಲುಬು ಹಿಡೀತದ, ಆಗ ಗೇಮ್ ಹತ್ತಿದ್ದು ನಮ್ಮ ಊದಿನಿಂದಲ್ಲ, ತೆಗೆದು ಹಾಕಿದ್ದಕ್ಕ ಪಿನ್ ಮತ್ತೊಮ್ಮಿ ತಿಕ್ಕಿ ಕೂತದ್ದರಿಂದ. ಎರಡು ಸಲ ತೆಗೆದು ಹಾಕಿದ ಮ್ಯಾಲ ಹತ್ತಿತು.

ಮಾರಿಯೋನ ನಿಲ್ಲಿಸಿ ಸ್ಟಾಪ್‌ವಾಚ್ ಹಿಡಿದು ಕೂತ್ವಿ. ನಿಂತಲ್ಲೇ ನಿಂತ್ರ ಮೊದಲನೇ ಗುಂಬಾ (ಅಣಬಿಯಂಥ ವೈರಿ) ಬರೋದೇ ಇಲ್ಲ, ಅದೊಂದು ಪಾಡಾಯ್ತು. ಒಂದು ಟೈಮಿಗೆ ಐದು ವೈರಿಗಳಿಗಷ್ಟೇ ಜಾಗ ಇರೋ ಮೆಮೊರಿ ಅದು, ಪರದೆ ಹತ್ರ ಬಂದ ಮ್ಯಾಲೇ ಒಬ್ಬೊಬ್ಬರು ಹುಟ್ಟತಾರ. ಪೂರಾ ಮಷಿನಿಗೆ ಕೆಲಸದ ಮೆಮೊರಿ 2 ಕಿಲೋಬೈಟ್, ಪೂರಾ ಗೇಮು 40 ಕಿಲೋಬೈಟ್, ಅದರಾಗ 32 ಸ್ಟೇಜು. ದಿನಾ ಮುಂಜಾನಿ ವಾಟ್ಸಾಪಿಗೆ ಬರೋ ಒಂದು ಹೂವಿನ ಫೋಟೋ ಇದಕ್ಕಿಂತ ದೊಡ್ಡದಿರ್ತದ. ಮಿಯಾಮೊಟೊ ಮತ್ತ ಅವನ ಮಂದಿ ಗ್ರಾಫ್ ಪೇಪರಿನ ಮ್ಯಾಲ ಕೈಯಿಂದ ಸ್ಟೇಜ್ ಬರೀತಿದ್ರು, ಪ್ರೋಗ್ರಾಮರ್‌ಗಳು ಅದನ್ನ ಇಲ್ಲೊಂದು ಪೈಪ್, ಇಲ್ಲೊಂದು ಇಟ್ಟಂಗಿ ಸಾಲು ಅಂತ ಒಂದೊಂದು ವಸ್ತುವಿಗೆ ಎರಡೇ ಬೈಟ್‌ನಾಗ ಬರೆದಿಡ್ತಿದ್ರು. ಮ್ಯಾಲಿನ ಮೋಡ, ಕೆಳಗಿನ ಕಂಟಿ, ಎರಡೂ ಒಂದೇ ಚಿತ್ರ, ಬಣ್ಣ ಅಷ್ಟೇ ಬ್ಯಾರೆ. ಇದನ್ನ ತೋರಿಸಿದಾಗ ಮೂವರೂ ಟಿವಿ ಹತ್ರ ಹೋಗಿ ಬೊಟ್ಟು ಇಟ್ಟು ನೋಡಿದ್ರು, ನೂರು ಸಲ ಆಡಿದವರು. ಮಾರಿಯೋನ ಮೀಸಿನೂ ಹಂಗೇ ಬಂದದ್ದು, 1981ರ ಡಾಂಕಿ ಕಾಂಗ್ ಗೇಮಿನಾಗ ಅಷ್ಟು ಸಣ್ಣ ಮಾರಿಗೆ ಬಾಯಿ ತೋರಿಸೋದು ಆಗಲಿಲ್ಲ, ಮೀಸಿ ಬರೆದ್ರು, ಕೂದಲು ಆಗಲಿಲ್ಲ, ಟೊಪಗಿ ಹಾಕಿದ್ರು. ಅವನು ಡೈನೋಸಾರ್ ಮ್ಯಾಲ ಕೂಡಬೇಕು ಅನ್ನೋ ಮಿಯಾಮೊಟೊನ ಆಸೆ ಈ ಮಷಿನಿನಾಗ ತೀರಲೇ ಇಲ್ಲ, 1990ರ ಸೂಪರ್ ಮಾರಿಯೋ ವರ್ಲ್ಡ್ ತನಕ, ಹೊಸ ಮಷಿನ್ ಬರೋ ತನಕ ಯೋಶಿ ಅನ್ನೋ ಆ ಡೈನೋಸಾರ್ ಕಾಯಬೇಕಾಯ್ತು.

ಮಾತು ಬಂತು ಅಂತ ಇನ್ನೊಂದು ಹೇಳ್ತೀನಿ. 3-1, ಅಂದ್ರ ಮೂರನೇ ಲೋಕದ ಮೊದಲನೇ ಸ್ಟೇಜಿನ ಕೊನೀಗೆ ಮೆಟ್ಟಲ ಮ್ಯಾಲ ಆಮಿ ಚಿಪ್ಪು ತುಳಿದು ತುಳಿದು ಜೀವ ಹೆಚ್ಚಿಸ್ಕೊಳ್ಳೋ ಆಟ ನಮ್ಮ ಓಣಿಯಾಗೂ ಇತ್ತು. ನಮ್ಮ ದೋಸ್ತ ಒಂದು ಸಲ ಭಾಳ ಹೊತ್ತು ತುಳಿದ, ಆಮ್ಯಾಲ ಒಂದೇ ಸಲ ಸತ್ತಿದ್ದಕ್ಕ ಗೇಮ್ ಓವರ್ ಅಂತ ಬಂತು, ಕ್ಯಾಸೆಟ್ ಕೆಟ್ಟದ ಅಂತ ಎಲ್ಲಾರೂ ಬೈದಿದ್ರು ಅವನಿಗೆ. ಕ್ಯಾಸೆಟ್ ಕೆಟ್ಟಿರಲಿಲ್ಲ. ಜೀವ ಎಣಿಸೋ ಜಾಗ ಒಂದೇ ಬೈಟ್, ಅಂದ್ರ 0ಯಿಂದ 255ರ ತನಕದ ಸಂಖ್ಯೆಗಷ್ಟೇ ಜಾಗ, ಅದರಾಗ ಅರ್ಧ ಸಂಖ್ಯೆಗಳನ್ನ ಸೊನ್ನೆಗಿಂತ ಕಡಿಮಿ ಅಂತ ಓದ್ತದ ಗೇಮ್. 127 ದಾಟಿತಂದ್ರ ಭಾಳ ಜೀವ ಇದ್ದಾಂವ ಸಾಲದಾಗ ಇದ್ದಾಂವ ಆಗ್ತಾನ. ಇಷ್ಟು ವರ್ಷ ಆದ್ಮ್ಯಾಲ ಇದು ಕೇಳಿ ಅಂವ ಖರೇನ ಖುಷಿ ಪಟ್ಟ.

ಟೈಮ್ 100ಕ್ಕಿಂತ ಕೆಳಗ ಬಂದಾಗ ಆ ಗಡಿಬಿಡಿ ಮ್ಯೂಸಿಕ್ ಶುರು ಆಯ್ತು, ಯಾರೂ ಮಾತಾಡ್ಲಿಲ್ಲ. ಸೊನ್ನೆ ಆಗಿ ಮಾರಿಯೋ ಬಿದ್ದಾಗ ಸ್ಟಾಪ್‌ವಾಚ್ 192 ದಾಟಿ ಚೂರು ಮುಂದ ಇತ್ತು. ಅದೇ ಮೊಬೈಲಿನಾಗ 160. ತಮ್ಮ ಟೇಬಲ್ ಬಡಿದು "ನಾ ಹೇಳಿದ್ನಿಲ್ಲೋ" ಅಂದ.

ಬಾತುಕೋಳಿ ಹೊಡಿಯೋ ಗೇಮ್ ಹಾಕಿ ಗನ್ ಸೈತ ನೋಡಿದ್ವಿ, ಬಾತುಕೋಳಿ ಒಂದೂ ಬೀಳಲಿಲ್ಲ. ಅದು ಬೀಳಂಗಿಲ್ಲ ಈ ಎಲ್ಇಡಿ ಟಿವಿಯಾಗ, ಗನ್ನಿನ ಕಣ್ಣು ಹುಡುಕೋದು ಹಳೇ ಪಿಕ್ಚರ್ ಟ್ಯೂಬಿನ ಬೆಳಕಿನ ಮಿಣುಕು, ಹೊಸ ಟಿವಿ ಚಿತ್ರ ತಡಮಾಡಿ ತೋರಿಸ್ತದ, ಬ್ಯಾರೆ ರೀತಿ ತೋರಿಸ್ತದ.

ಟಚ್ ಸ್ಕ್ರೀನ್ ಅಂತಿದ್ದ ದೋಸ್ತ ಇನ್ನೂ ಪೂರಾ ಒಪ್ಪಿಲ್ಲ, ಟೈಮ್ ಬ್ಯಾರೆ ಜಿಗಿತ ಬ್ಯಾರೆ ಅಂತಾನ. ಅದಕ್ಕ ಬರೋ ರವಿವಾರ ಅವನ ಫೋನಿನ ಸ್ಲೋ ಮೋಷನ್ ಕ್ಯಾಮೆರಾ ಟಿವಿ ಮುಂದ ಇಡ್ತೀವಿ, ಸೆಕೆಂಡಿಗೆ 240 ಚಿತ್ರ ತೆಗೀತದ ಅದು. ನೆಲ ಬಿಟ್ಟಲ್ಲಿಂದ ತುದಿ ಮುಟ್ಟೋ ತನಕ ಎಣಿಸಿದ್ರ ಮೊಬೈಲಿನ ಮಾರಿಯೋಗ 128 ಬರಬೇಕು, ಅಟ್ಟದ ಮ್ಯಾಲಿನ ಡಬ್ಬಿಯಾಂವಗ 153, 154. ಎಣಿಸೋ ಕೆಲಸ ಅವನಿಗೇ ಕೊಟ್ಟೀವಿ.