ಯುದ್ಧದ ನಡುವೆ ಮಾತು ಕಳೆದುಕೊಂಡ ಮಗು

ಯುದ್ಧ ನಡೆದ ಊರಿನಲ್ಲಿ ಡೌನ್ ಸಿಂಡ್ರೋಮ್ ಇರುವ ಮಗು ಇದ್ದಕ್ಕಿದ್ದಂತೆ ಮಂಕಾಗುತ್ತದೆ. ಮಾತು ಕಡಿಮೆಯಾಗುತ್ತದೆ, ಕರೆದರೆ ತಿರುಗಿ ನೋಡುವುದಿಲ್ಲ, ಮೊದಲು ತಾನೇ ಮಾಡುತ್ತಿದ್ದ ಕೆಲಸಗಳನ್ನು ಬಿಟ್ಟುಬಿಡುತ್ತದೆ. ಆಗ ಸುತ್ತಲಿನವರು ಹೇಳಿಬಿಡುತ್ತಾರೆ: ‘ಈ ಮಕ್ಕಳು ಇರೋದೇ ಹಾಗೆ.’ ಈ ಮಾತು ತಪ್ಪು. ಇದನ್ನು ನಂಬಿ ಸುಮ್ಮನೆ ಕೂತರೆ ಮಗುವಿಗೆ ಅಪಾಯವೂ ಹೌದು.

ಡೌನ್ ಸಿಂಡ್ರೋಮ್ ಹುಟ್ಟಿನಿಂದಲೇ ಬರುವಂಥದ್ದು. ಜೀವಕೋಶಗಳಲ್ಲಿ ವಂಶವಾಹಿಗಳನ್ನು ಹೊತ್ತಿರುವ ಕ್ರೋಮೋಸೋಮ್‌ಗಳಲ್ಲಿ 21ನೆಯದು ಎರಡರ ಬದಲು ಮೂರು ಇರುತ್ತದೆ. ಇದನ್ನು 1959ರಲ್ಲಿ ಫ್ರಾನ್ಸ್‌ನ ಜೆರೋಮ್ ಲೆಜೂನ್ ಮತ್ತು ಅವರ ಜೊತೆಯವರು ಪ್ರಕಟಿಸಿದರು. ಸುಮಾರು 700ರಿಂದ 1,000 ಹೆರಿಗೆಗಳಲ್ಲಿ ಒಂದು ಮಗು ಹೀಗೆ ಹುಟ್ಟುತ್ತದೆ. ಇದರಲ್ಲಿ ತಾಯಿಯದ್ದಾಗಲಿ ತಂದೆಯದ್ದಾಗಲಿ ತಪ್ಪಿಲ್ಲ. ಈ ಮಕ್ಕಳು ನಿಧಾನವಾಗಿ ಕಲಿಯುತ್ತಾರೆ ನಿಜ, ಆದರೆ ಕಲಿಯುತ್ತಲೇ ಇರುತ್ತಾರೆ. ಹಾಗಾಗಿ ಕಲಿತದ್ದನ್ನು ಮಗು ಕಳೆದುಕೊಳ್ಳುತ್ತಿದ್ದರೆ ಅದಕ್ಕೆ ಬೇರೆ ಕಾರಣ ಇರಲೇಬೇಕು. ಅದನ್ನು ಹುಡುಕಬೇಕು.

ಮೊದಲು ಕಿವಿ ನೋಡಿಸಿ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಕಿವಿ ಮತ್ತು ಗಂಟಲನ್ನು ಜೋಡಿಸುವ ನಾಳ ಕಿರಿದಾಗಿರುತ್ತದೆ. ನೆಗಡಿಯಾದರೆ ಕಿವಿಯ ತಮಟೆಯ ಹಿಂದೆ ದ್ರವ ಕಟ್ಟಿಕೊಳ್ಳುತ್ತದೆ. ನೋವೇನೂ ಇಲ್ಲದಿರಬಹುದು, ಶಬ್ದ ಮಾತ್ರ ಮಸುಕಾಗುತ್ತದೆ. ಜನ ಕಿಕ್ಕಿರಿದ ನೆಲಮಾಳಿಗೆ, ಹೊಗೆ, ಚಳಿ ಇರುವಲ್ಲಿ ನೆಗಡಿ ಬಿಡುವುದೇ ಇಲ್ಲ. ಹತ್ತಿರದಲ್ಲಿ ಸ್ಫೋಟವಾಗಿದ್ದರೆ ತಮಟೆಯೇ ಹರಿದಿರಬಹುದು.

ಇನ್ನೊಂದು ಕಾರಣ ಥೈರಾಯ್ಡ್. ಈ ಮಕ್ಕಳಲ್ಲಿ ಥೈರಾಯ್ಡ್ ಕೊರತೆ ಬೇರೆ ಮಕ್ಕಳಿಗಿಂತ ಜಾಸ್ತಿ. ದಿನಕ್ಕೊಂದು ಮಾತ್ರೆ ತೆಗೆದುಕೊಂಡರೆ ಸಾಕು, ಮಗು ಚೆನ್ನಾಗಿರುತ್ತದೆ. ಆದರೆ ಔಷಧಿ ಅಂಗಡಿ ಮುಚ್ಚಿದೆ, ರಸ್ತೆ ಕಡಿದುಹೋಗಿದೆ, ಮನೆ ಬಿಟ್ಟು ಓಡುವಾಗ ಮಾತ್ರೆ ಅಲ್ಲೇ ಉಳಿದಿದೆ. ಕೆಲವು ವಾರಗಳಲ್ಲಿ ಸುಸ್ತು, ಮಲಬದ್ಧತೆ, ಜಡತ್ವ ಶುರುವಾಗುತ್ತದೆ. ನೋಡಿದವರಿಗೆ ಮಗು ಬೇಸರದಲ್ಲಿದೆ ಅನಿಸುತ್ತದೆ. ಒಂದು ರಕ್ತಪರೀಕ್ಷೆ ಮಾಡಿಸಿದರೆ ಗೊತ್ತಾಗುವ ವಿಷಯ ಇದು.

ಇವೆರಡೂ ಅಲ್ಲದಿದ್ದರೆ, ಅಥವಾ ಇವುಗಳ ಜೊತೆಗೇ, ಭಯ ಇರುತ್ತದೆ. ಜನ ಇದನ್ನು ಒಪ್ಪಲು ತುಂಬಾ ಹಿಂಜರಿಯುತ್ತಾರೆ ಎಂದು ನನಗೆ ಅನಿಸುತ್ತದೆ. ಡೌನ್ ಸಿಂಡ್ರೋಮ್ ಇರುವ ಹೆಚ್ಚಿನ ಮಕ್ಕಳಿಗೆ ಹೇಳಲು ಬರುವುದಕ್ಕಿಂತ ಜಾಸ್ತಿ ಅರ್ಥವಾಗುತ್ತದೆ. ದೊಡ್ಡವರು ಅದಕ್ಕೇನು ಗೊತ್ತಾಗುತ್ತದೆ ಎಂದುಕೊಂಡು, ಮಗುವಿನ ಮುಂದೆಯೇ ಸಾವುನೋವಿನ ಸುದ್ದಿ ಮಾತಾಡುತ್ತಾರೆ. ಮಗು ಎಲ್ಲವನ್ನೂ ಕೇಳಿಸಿಕೊಳ್ಳುತ್ತದೆ, ತನಗಾದದ್ದನ್ನು ಹೇಳಲು ಮಾತ್ರ ಆಗುವುದಿಲ್ಲ. ಆಗ ಅದು ನಡವಳಿಕೆಯಲ್ಲಿ ಹೊರಬರುತ್ತದೆ: ನಿದ್ದೆ ಬಾರದಿರುವುದು, ಹೊಡೆಯುವುದು, ಅಮ್ಮನನ್ನು ಬಿಡದೆ ಅಂಟಿಕೊಳ್ಳುವುದು, ಹಾಸಿಗೆ ಒದ್ದೆ ಮಾಡುವುದು.

ಇಲ್ಲಿ ಒಂದು ಎಚ್ಚರಿಕೆ. ಈ ಮಕ್ಕಳಲ್ಲಿ ಕೆಲವರಿಗೆ ಕುತ್ತಿಗೆಯ ಎಲ್ಲಕ್ಕಿಂತ ಮೇಲಿರುವ ಎರಡು ಮೂಳೆಗಳ ಜೋಡಣೆ ಸಡಿಲ ಇರುತ್ತದೆ. ಗಡಿಬಿಡಿಯಲ್ಲಿ ಎಳೆದಾಡಿದರೆ, ಬಿದ್ದರೆ ಬೆನ್ನುಹುರಿಯ ಮೇಲೆ ಒತ್ತಡ ಬೀಳಬಹುದು. ನಡಿಗೆ ಬದಲಾಗಿದ್ದರೆ, ಕುತ್ತಿಗೆ ಓರೆಯಾಗಿದ್ದರೆ, ಕೈಕಾಲು ಬಲ ಕಳೆದುಕೊಂಡಿದ್ದರೆ, ಮೂತ್ರದ ಹಿಡಿತ ಹೊಸದಾಗಿ ತಪ್ಪಿದ್ದರೆ ಭಯ ಎಂದು ತಳ್ಳಿಹಾಕಬೇಡಿ. ಕುತ್ತಿಗೆ ಅಲುಗಾಡದಂತೆ ನೋಡಿಕೊಂಡು ತಕ್ಷಣ ವೈದ್ಯರ ಹತ್ತಿರ ಕರೆದೊಯ್ಯಿರಿ.

ಡೌನ್ ಸಿಂಡ್ರೋಮ್ ಇರುವ ಸುಮಾರು ಅರ್ಧದಷ್ಟು ಮಕ್ಕಳಿಗೆ ಹುಟ್ಟಿನಿಂದಲೇ ಹೃದಯದ ತೊಂದರೆ ಇರುತ್ತದೆ. ಹಾಗಾಗಿ ಒಂದು ಚೀಟಿಯಲ್ಲಿ ಹೆಸರು, ಮನೆಯವರ ಫೋನ್ ನಂಬರ್, ಹೃದಯದ ವಿವರ, ಮಾತ್ರೆಯ ಹೆಸರು ಮತ್ತು ಪ್ರಮಾಣ ಬರೆದು, ನೀರು ತಾಗದಂತೆ ಮಗುವಿನ ಬಟ್ಟೆಯ ಒಳಗೆ ಇಡಿ.

ಸೈರನ್ ಮತ್ತು ಧ್ವನಿವರ್ಧಕದ ವಿಷಯಕ್ಕೆ ಬರೋಣ. ‘ಎಲ್ಲರೂ ಚೀಲ ತಗೊಂಡು ಎಡಗಡೆ ಬಾಗಿಲಿಂದ ಕೆಳಗೆ ಇಳಿಯಿರಿ’ ಎಂದು ಕೂಗಿದರೆ, ಕಿವಿ ಮಸುಕಾದ ಮಗುವಿಗೆ ಅದು ಮುಟ್ಟುವುದೇ ಇಲ್ಲ. ಮುಟ್ಟಿದರೂ, ಕೇಳಿದ ಮಾತನ್ನು ಸ್ವಲ್ಪ ಹೊತ್ತು ನೆನಪಿನಲ್ಲಿ ಹಿಡಿದಿಡುವುದು ಈ ಮಕ್ಕಳಿಗೆ ಕಷ್ಟ. ಕಣ್ಣಿಂದ ನೋಡಿದ್ದು ಚೆನ್ನಾಗಿ ಉಳಿಯುತ್ತದೆ. ಅದಕ್ಕೇ ಚಿತ್ರ ಬೇಕು: ಚೀಲ, ಚಪ್ಪಲಿ, ಮೆಟ್ಟಿಲು, ಅಮ್ಮನ ಕೈ. ನಾಲ್ಕು ಚಿತ್ರ ಸಾಲಾಗಿ ಅಂಟಿಸಿ, ಶಾಂತವಾಗಿರುವ ಹೊತ್ತಿನಲ್ಲಿ ಆಟದ ಹಾಗೆ ಮತ್ತೆ ಮತ್ತೆ ಅಭ್ಯಾಸ ಮಾಡಿಸಿ.

ಮನೆ ಬಿಟ್ಟು ಬಂದವರ ಶಿಬಿರದ ಶಾಲೆಯಲ್ಲೂ ಇಂಥ ಚಿತ್ರಗಳು ಕೆಲಸಕ್ಕೆ ಬರುತ್ತವೆ. ಬೆಳಿಗ್ಗೆ ಹಾಡು, ಆಮೇಲೆ ಬರವಣಿಗೆ, ಆಮೇಲೆ ಊಟ ಎಂದು ಗೋಡೆಯ ಮೇಲೆ ದಿನಚರಿ ಕಂಡರೆ ಮುಂದೇನು ಎಂಬ ಆತಂಕ ಇಳಿಯುತ್ತದೆ. ಇದು ಉಳಿದ ಮಕ್ಕಳಿಗೂ ಒಳ್ಳೆಯದು, ಏಕೆಂದರೆ ಹೆದರಿದ ಯಾವ ಮಗುವೂ ಉದ್ದದ ಮಾತು ನೆನಪಿಟ್ಟುಕೊಳ್ಳಲಾರದು. ಹೀಗಿರುವಾಗ ಡೌನ್ ಸಿಂಡ್ರೋಮ್ ಇರುವ ಮಕ್ಕಳಿಗೆಂದು ಬೇರೆ ಟೆಂಟ್ ಹಾಕುವುದು ನನಗೆ ಸ್ವಲ್ಪವೂ ಸರಿ ಕಾಣುವುದಿಲ್ಲ. ಅವರು ಮಾತು ಮತ್ತು ಆಟ ಕಲಿಯುವುದು ಓರಗೆಯ ಮಕ್ಕಳನ್ನು ನೋಡಿಯೇ ಅಲ್ವಾ?

ವಿಶ್ವಸಂಸ್ಥೆಯ ಭದ್ರತಾ ಮಂಡಳಿ 2019ರಲ್ಲಿ 2475ನೇ ನಿರ್ಣಯದ ಮೂಲಕ, ಯುದ್ಧದಲ್ಲಿ ಅಂಗವಿಕಲರ ರಕ್ಷಣೆಯ ಬಗ್ಗೆಯೇ ಮಾತಾಡಿತು. ಆದರೂ ಅಂಗವೈಕಲ್ಯ ಎಂದರೆ ಗಾಲಿಕುರ್ಚಿಯೇ ಇನ್ನೂ ಹಲವರ ಕಣ್ಣಮುಂದೆ ಬರುವುದು. ಇಳಿಜಾರು ದಾರಿ ಕಟ್ಟಿದರೆ ಮುಗಿಯಿತು ಎಂದುಕೊಳ್ಳುತ್ತಾರೆ. ಬುದ್ಧಿ ಬೆಳವಣಿಗೆ ನಿಧಾನವಿರುವ ಮಗುವಿನ ಅಮ್ಮ ಊಟದ ಸಾಲಿನಲ್ಲಿ ಎರಡು ಗಂಟೆ ನಿಲ್ಲಲಾರಳು ಎಂಬುದು ಯಾರಿಗೂ ಹೊಳೆಯುವುದಿಲ್ಲ. ಆಕೆಗೊಂದು ಸಮಯ ನಿಗದಿ ಮಾಡಿಕೊಟ್ಟರೆ ಎಷ್ಟೋ ಸಹಾಯ.

ಮತ್ತೆ ಆ ಮಂಕಾದ ಮಗುವಿನ ಮಾತಿಗೆ ಬಂದರೆ, ಕಾರಣ ಸಿಕ್ಕ ಕೂಡಲೇ ಎಲ್ಲವೂ ಸರಿಯಾಗುವುದಿಲ್ಲ. ಥೈರಾಯ್ಡ್ ಮಾತ್ರೆಗೆ ವಾರಗಳು ಬೇಕು, ಭಯ ಇಳಿಯಲು ತಿಂಗಳುಗಳೇ ಬೇಕಾಗಬಹುದು. ಅಲ್ಲಿಯವರೆಗೆ ಕೈಸನ್ನೆ ಕಲಿಸಿ: ನೀರು, ನೋವು, ಭಯ, ಶೌಚ, ಸಾಕು, ಬೇಕು. ಸನ್ನೆ ಕಲಿತರೆ ಮಾತು ಬರುವುದಿಲ್ಲ ಎಂಬ ಹೆದರಿಕೆ ಬೇಡ. ಮಾತು ಬರಲು ಅದು ಸಹಾಯವೇ ಮಾಡುತ್ತದೆ. ಇದೇ ಸನ್ನೆಗಳನ್ನು ತರಗತಿಯ ಎಲ್ಲ ಮಕ್ಕಳಿಗೂ, ಶಿಕ್ಷಕರಿಗೂ, ಊಟ ಬಡಿಸುವವರಿಗೂ ಕಲಿಸಿ. ಆಗ ಅಮ್ಮ ಪಕ್ಕದಲ್ಲಿ ಇಲ್ಲದಿದ್ದರೂ, ನೀರು ಬೇಕೆಂದು ಮಗು ಯಾರನ್ನು ಬೇಕಾದರೂ ಕೇಳಬಹುದು.